ಬದಲಾವಣೆಯ ಆಟೋದಲ್ಲಿ ಹಳೇ ಸಲಹೆಗಾರರು

ಬದಲಾವಣೆಯ ಅಭ್ಯರ್ಥಿಗಳೆಂದು ನನ್ನ ಬಾಯಿಂದಲೇ ಬಿರುದು ಪಡೆದ ಮಾನ್ಯರೇ,

ನಮ್ಮೂರ ಪಟ್ಟಣ ಪಂಚಾಯಿತಿಯ ಹಳೇ ಆಡಳಿತವನ್ನು ಬೇರುಸಹಿತ ಕೀಳುತ್ತೇನೆಂದು ಚುನಾವಣೆಗೆ ನಿಂತ ತಾವು, ಅದೇ ಆಡಳಿತದ ಸಲಹೆಗಾರರನ್ನು ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡಿದ್ದೀರಿ. ನನ್ನ ತಕರಾರು ಇಷ್ಟೇ. ಊರಿಗೆಲ್ಲ ಈ ಸಂಗತಿ ಮೊದಲೇ ಗೊತ್ತಿತ್ತಂತೆ. ಎಲ್ಲರಿಗಿಂತ ಕಡೆಗೆ ತಿಳಿದದ್ದು ನನಗೆ. ಅಂದರೆ ತಮ್ಮ ಪ್ರಚಾರದ ಆಟೋದಲ್ಲಿ ಕುಳಿತು "ಬದಲಾವಣೆ ಬರ್ತೈತಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದವನಿಗೆ. ಊರಿಗೆ ಸುದ್ದಿ ಸಾರುವವನಿಗೆ ಊರ ಸುದ್ದಿ ಗೊತ್ತಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಾನು ಮೈಕ್‌ಸೆಟ್ ಚೌಡಪ್ಪ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮದುವೆ, ಉರುಸು, ಕುಸ್ತಿಗಳಲ್ಲಿ ಒದರಿದ ಕಂಠ ನನ್ನದು. ತಿಳವಳ್ಳಿಯ ಒಂದು ಮದುವೆಯಲ್ಲಿ ಮದುಮಗನ ಹೆಸರಿನ ಬದಲು ಅವನ ಮಾವನ ಹೆಸರು ಕೂಗಿ ಊಟವಿಲ್ಲದೆ ಮರಳಿದ ಕೀರ್ತಿಯೂ ನನಗಿದೆ. ಇಂಥವನ ನಾಲಗೆಯನ್ನು ನಂಬಿ ತಾವು ಪ್ರಚಾರ ವಹಿಸಿದ್ದೇ ದೊಡ್ಡ ಮಾತು.

ಹಿಂದಿನ ಆಡಳಿತದವರು ಬಸ್ ಸ್ಟ್ಯಾಂಡಿನ ಎದುರು ಬೇವಿನ ನೆರಳಲ್ಲಿ ಕುಳಿತು ಎಲೆ, ಕಾಯಿಪಲ್ಲೆ ಮಾರುತ್ತಿದ್ದ ಹೆಣ್ಣುಮಕ್ಕಳನ್ನು ಎಬ್ಬಿಸಿ ಹೆದ್ದಾರಿ ಪಕ್ಕದ ಬಯಲಿಗೆ ಅಟ್ಟಿದರಲ್ಲ, ಆ ಸಲಹೆ ಕೊಟ್ಟವರು ಇದೇ ಮಹನೀಯರು. ಊರು ಅಂದವಾಗಿ ಕಾಣಬೇಕಾಗಿತ್ತಂತೆ. ಹುಸೇನಬಿ ಅಲ್ಲಿ ತನ್ನ ತಾಯಿಯ ಕಾಲದಿಂದ ಸವಣೂರು ವೀಳ್ಯದೆಲೆ ಮಾರುತ್ತಿದ್ದಳು. ಈಗ ಬಿಸಿಲಿನಲ್ಲಿ ಬುಟ್ಟಿಗೆ ಹಸಿ ಗೋಣಿತಾಟು ಹೊದಿಸಿ, ನಿಲ್ಲದೆ ಓಡುವ ಲಾರಿಗಳ ಮುಖ ನೋಡುತ್ತ ಕೂಡುತ್ತಾಳೆ. ತಾವು ಆಕೆಯ ಬುಟ್ಟಿಯ ಮೇಲೆ ಕೈಯಿಟ್ಟು, "ಅಕ್ಕಾ, ನಾ ಆರಿಸಿ ಬಂದ್ರ ನಿಮ್ಮನ್ನ ಹಳೇ ಜಾಗಕ್ಕ ತರ್ತೇನಿ" ಅಂದಿರಿ. ನಾನು ಪಕ್ಕದಲ್ಲಿದ್ದೆ. ಕಣ್ಣಲ್ಲಿ ನೀರು ಬಂದಿತ್ತು. ಧೂಳಿನದೆಂದು ಆಮೇಲೆ ಸಮಾಧಾನ ಹೇಳಿಕೊಂಡೆ.

ಆ ಮಾತನ್ನೇ ವಾರಗಟ್ಟಲೆ ಕೂಗಿದೆ. ಮೈಕಿನಲ್ಲಿ ಓದಬೇಕಾದ ಹೊಸ ಮಜಕೂರು ತರಲು ತಮ್ಮ ಕಚೇರಿಗೆ ಹೋದ ದಿನ ಸಲಹೆಗಾರರು ತಮ್ಮ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದರು. "ಹಳೇ ಜಾಗಕ್ಕ ತರ್ತೇವಿ" ಎಂಬುದನ್ನು ಹೊಡೆದುಹಾಕಿ, "ಸ್ಥಳಾಂತರದ ಸಾಧಕ ಬಾಧಕಗಳನ್ನು ಪರಿಶೀಲಿಸಲಾಗುವುದು" ಎಂದು ಬರೆದು ಕೊಟ್ಟರು. ನಾನು ತಮ್ಮ ಮುಖ ನೋಡಿದೆ.

"ಅನುಭವ ಇದ್ದೋರು ಬೇಕಾಗ್ತಾರ ಚೌಡಪ್ಪ," ಅಂದಿರಿ.

ಒಪ್ಪಿದೆ, ಅನುಭವ ಬೇಕು. ಆದರೆ ಯಾವುದರ ಅನುಭವ? ನಳಕ್ಕೆ ನೀರು ಬಿಡುವ ಅನುಭವವೋ, ನೀರು ಏಕೆ ಬರಲಿಲ್ಲವೆಂದು ಸೊಗಸಾಗಿ ವಿವರಿಸುವ ಅನುಭವವೋ? ಹಳೇ ತಲೆಯನ್ನೇ ಇಟ್ಟುಕೊಳ್ಳುವುದಾದರೆ ಮೇಲಿನ ಪೇಟವನ್ನಷ್ಟೇ ಬದಲಿಸಲು ನಮ್ಮ ಮತವೇಕೆ? ಈ ಪ್ರಶ್ನೆಗಳನ್ನು ಅಂದೇ ಕೇಳಿದೆನೆಂದು ತಾವು ಗಾಬರಿಯಾಗಬೇಡಿ. ಅಂದು ನಾನು ಕೇಳಿದ್ದು, "ಸಾಹೇಬ್ರ, ಸಾಧಕ ಬಾಧಕ ಕೂಡಿಸಿ ಓದ್ಲ್ಯೋ, ಬಿಡಿಸಿ ಓದ್ಲ್ಯೋ?"

ಬಿಡಿಸಿಯೇ ಓದಿದೆ, ಅದೂ ಹೆದ್ದಾರಿ ಬಯಲಿನಲ್ಲಿ. ಹುಸೇನಬಿ ಎದ್ದು ಬಂದು ಆಟೋಕ್ಕೆ ಅಡ್ಡ ನಿಂತಳು.

"ಚೌಡಪ್ಪಣ್ಣ, ನಿನ್ನೀತನಕ ತರ್ತೇವಿ ಅಂತಿದ್ದಿ. ಇವತ್ತ ಏನೋ ಬ್ಯಾರೆ ಅಂದ್ಯಲ್ಲ, ಹಂಗಂದ್ರೇನು?"

"ನನಗೂ ಗೊತ್ತಿಲ್ಲ ಯವ್ವಾ."

"ಗೊತ್ತಿಲ್ದ ಯಾಕ ಒದರಾಕತ್ತಿ?"

"ಬರದ ಕೊಟ್ಟಾರವಾ, ಒದರಾಕತ್ತೇನಿ."

ಮೈಕ್ ಆರಿಸಿರಲಿಲ್ಲ. ಇಷ್ಟೂ ಮಾತು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ತಮ್ಮ ಪ್ರಚಾರದಲ್ಲಿ ಜನ ಕಿವಿಗೊಟ್ಟು ಕೇಳಿದ ಭಾಗ ಅದೊಂದೇ ಎಂದು ಹೋಟೆಲಿನವರು ಹೇಳಿದರು. ಸಂಜೆಯೊಳಗೆ ತಾವು ನನ್ನನ್ನು ಕೆಲಸದಿಂದ ಬಿಡಿಸಿದಿರಿ. ಇದು ಸಲಹೆಗಾರರ ಸಲಹೆಯೇ ಆಗಿದ್ದರೆ, ಅವರು ಕೊಟ್ಟ ಸರಿಯಾದ ಸಲಹೆ ಇದೊಂದೇ.

ಇಷ್ಟಕ್ಕೆ ಮುಗಿದಿದ್ದರೆ ನಾನು ಹುತಾತ್ಮನ ಠೀವಿಯಲ್ಲಿ ಈ ಪತ್ರ ಬರೆಯಬಹುದಿತ್ತು. ಮರುದಿನ ತಮ್ಮ ಎದುರಾಳಿ, ಹಳೇ ಅಧ್ಯಕ್ಷರ ಕಡೆಯವರು ಮನೆಗೆ ಬಂದರು. "ಆ ಕಡೀ ಒಳಗುಟ್ಟು ನಿಮಗ ಗೊತ್ತೈತಿ. ನಮಗ ಅನುಭವ ಇದ್ದ ಮನಶ್ಯಾ ಬೇಕ್ರಿ, ಬರ್ರಿ," ಅಂದರು. ಮಾನ್ಯರೇ, ನನಗೆ ಸಿಟ್ಟು ಬರಲಿಲ್ಲ. ಹಿಗ್ಗು ಬಂತು! ಇಸ್ತ್ರಿ ಅಂಗಿ ತೊಟ್ಟೆ. ಕನ್ನಡಿ ಮುಂದೆ ನಿಂತು ಸಲಹೆಗಾರರಂತೆ ತಲೆಯಾಡಿಸಿಯೂ ನೋಡಿದೆ, ಚೆನ್ನಾಗಿಯೇ ಬಂತು.

ನನ್ನ ಹೆಂಡತಿ ಮಂಜವ್ವ ಬಾಗಿಲಲ್ಲಿ ನಿಂತಿದ್ದಳು. "ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಇನ್ನ ಮ್ಯಾಲ ಎಲಿ ತರಾಕ ನೀವ ಹೋಗ್ರಿ. ಹುಸೇನಬಿ ಮಾರಿ ನೋಡಾಕ ನನ್ನ ಕಡಿಂದ ಆಗೂದಿಲ್ಲ."

ಅವರ ಕಡೆ ಹೋಗುವುದು ಬಿಟ್ಟು ಅದೇ ಇಸ್ತ್ರಿ ಅಂಗಿಯಲ್ಲಿ ಹೆದ್ದಾರಿ ಬಯಲಿಗೆ ಹೋದೆ. ಬೈಯುತ್ತಾಳೆಂದುಕೊಂಡಿದ್ದೆ. ಹುಸೇನಬಿ ಗೋಣಿತಾಟು ಸರಿಸಿ, "ಕುಂದ್ರ ಬಾ ಅಣ್ಣ. ನೀ ಗೊತ್ತಿಲ್ಲ ಅಂತ ಒಪ್ಕೊಂಡಿ, ಅಷ್ಟರ ಮಾಡಿದಿ," ಅಂದಳು. ಆಮೇಲೆ ಬಾಡಿದ ಎಲೆಗಳನ್ನು ಆರಿಸಿ ಬೇರೆ ಹಾಕುತ್ತ ಹೇಳಿದಳು: "ಚುನಾವಣೆ ಮುಗದ ಮ್ಯಾಲೂ ಹಿಂಗ ಇದ್ರ ಈ ಬುಟ್ಟಿ ಬಿಡ್ತೇನಿ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯಾಕ ಕೂಲಿ ಹೋಗ್ತೇನಿ. ನಮ್ಮವ್ವ ಬ್ಯಾರೆ ಕೆಲಸ ಕಲಿಸ್ಲಿಲ್ಲ ನನಗ." ಎಲೆ ಕಟ್ಟಿ ಕೊಟ್ಟಳು. ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಸಲಹೆಗಾರರನ್ನು ಬಿಡಿ ಎಂದು ಹೇಳಲು ನಾನು ಯಾರು? ಇಟ್ಟುಕೊಳ್ಳಿ. ಮತದಾನಕ್ಕೆ ಮುಂಚೆ ಒಂದು ಮಧ್ಯಾಹ್ನ ಅವರನ್ನೂ ಕರೆದುಕೊಂಡು ಆ ಬಯಲಿಗೆ ಬನ್ನಿ. ಕೊಡೆ ಬೇಡ. ಆಕೆಯ ಎದುರು ನೆಲದ ಮೇಲೆ ಕುಳಿತು, ತರುತ್ತೇನೆ ಅಥವಾ ತರುವುದಿಲ್ಲ, ಎರಡರಲ್ಲಿ ಒಂದನ್ನು ತಮ್ಮ ಸ್ವಂತ ಬಾಯಿಂದ ಹೇಳಿ. ತರುವುದಿಲ್ಲವೆಂದರೂ ಆಕೆ ತಾಳಿಕೊಂಡಾಳು. ಬ್ಯಾಡಗಿಯ ಬಸ್ಸನ್ನಾದರೂ ಹೊತ್ತಿಗೆ ಸರಿಯಾಗಿ ಹಿಡಿದಾಳು.

ಇಂತಿ,
ತಮ್ಮ ಮಾಜಿ ಕಂಠ, ಎರಡು ಕಡೆಯೂ ಬೇಕಾಗಿ ಯಾವ ಕಡೆಯೂ ಸಲ್ಲದವ,
ಮೈಕ್‌ಸೆಟ್ ಚೌಡಪ್ಪ