ನೀರೊಲೆಗೆ ಹೋದ ಕರಟಗಳು

ತಿಪಟೂರು, ೨೦೦೮

ಸುನಂದಾ ಮಿಸ್‌ಗೆ ಕೋಮಲಾಳ ನಮಸ್ಕಾರ.

ನನ್ನನ್ನು ನೋಡಲು ಬರುತ್ತೀರೆಂದು ನನ್ನ ಜೊತೆ ಓದಿದ ವನಿತಾ ಹೇಳಿದಳು. ನಿಮ್ಮ ಶಿಷ್ಯೆ ಕಂಪ್ಯೂಟರ್ ಟೀಚರ್ ಆಗಿದ್ದಾಳೆಂದು ಊರೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದೀರಂತೆ. ಕೇಳಿ ಮೈ ಉರಿಯಿತು. ಬ್ರೈಲ್ ನಿಮಗೆ ಬರುತ್ತದೆ, ನೀವೇ ಓದಿ.

ಕಣ್ಣಿಲ್ಲದ ನಮಗೆ ಪ್ರೋಗ್ರಾಂ ಬರೆಯಲು ಕಲಿಸಬೇಕೆಂದು ನೀವು ತೆಂಗಿನ ಕರಟ ಉಜ್ಜಿ ಬಿಲ್ಲೆ ಮಾಡಿದಿರಿ. ನುಣುಪು ಬಿಲ್ಲೆಗೆ ಒಂದು ಹೆಜ್ಜೆ ಮುಂದೆ, ಅಂಚಿಗೆ ಕಚ್ಚು ಹಾಕಿದ್ದಕ್ಕೆ ಬಲಕ್ಕೆ ತಿರುಗು, ಹಗ್ಗದ ಕುಣಿಕೆಯೊಳಗೆ ಇರುವುದನ್ನೆಲ್ಲ ಮತ್ತೆ ಮತ್ತೆ ಮಾಡು. ಜೋಡಿಸಿದಂತೆಯೇ ಹಾಸ್ಟೆಲಿನ ಹಜಾರದಲ್ಲಿ ನಡೆಯುತ್ತಿದ್ದೆವು. ಒಂದು ದಿನ ನಾನು ತಿರುಗದೆ ನೇರ ಹೋಗಿ ಕಂಬಕ್ಕೆ ಹಣೆ ಬಡಿದುಕೊಂಡೆ. ಬಂದು ಬಿಲ್ಲೆಗಳನ್ನು ಸವರಿದರೆ, ಕಚ್ಚಿನದು ಕುಣಿಕೆಯ ಹೊರಗೆ ಉಳಿದಿತ್ತು. "ತಪ್ಪು ಸಿಕ್ತು ಮಿಸ್!" ಎಂದು ಕೂಗಿದೆ. "ಈಗ ನೀನು ಪ್ರೋಗ್ರಾಮರ್ ಕಣೇ" ಎಂದು ತಬ್ಬಿಕೊಂಡಿರಿ. ಹುಳಿಯಾರಿನ ಪಕ್ಕದ ನಮ್ಮ ಹಟ್ಟಿಯಲ್ಲಿ ನಾನು ಎಡವುವ ಮೊದಲೇ ಯಾರಾದರೂ ಕೈ ಹಿಡಿಯುತ್ತಿದ್ದರು. ನನ್ನ ತಪ್ಪನ್ನು ನಾನೇ ಹುಡುಕಿದ್ದು ಅವತ್ತೇ ಮೊದಲು.

ಆಮೇಲೆ ಶಾಲೆಯ ಕಾರ್ಯದರ್ಶಿ ಕಾಡಸಿದ್ದಪ್ಪನವರು ಬಂದರು. "ಏನ್ರೀ ಇದು? ಕಂಪ್ಯೂಟ್ರು ಕಲ್ಸಿ ಅಂದ್ರೆ ಕರಟ ಆಡುಸ್ತಾ ಕೂತಿದೀರಾ? ದಾನಿಗಳು ಬತ್ತಾವ್ರೆ, ಎತ್ತಿ ನೀರೊಲೆಗೆ ಹಾಕ್ಸಿ. ಈ ಹೆಣ್ಮಕ್ಳು ಕೀಬೋರ್ಡ್ ಮುಂದೆ ಕೂತು ಫೋಟೋ ತೆಗುಸ್ಕಂಡ್ರೆ ಸಾಕು ಬುಡ್ರೀ."

"ಆಯ್ತು ಸಾರ್" ಎಂದಿರಿ. ಅಷ್ಟೇ.

ಕರಟ ಚಟಚಟ ಉರಿಯುವುದು ಹಜಾರದವರೆಗೆ ಕೇಳಿಸುತ್ತಿತ್ತು. ಚಿಕ್ಕ ಹುಡುಗಿಯರು ಅಳುತ್ತಿದ್ದರು. ಕಾಡಸಿದ್ದಪ್ಪನವರ ಮೇಲಿನ ಸಿಟ್ಟು ಎಂದೋ ಇಳಿಯಿತು. ಆ ಬಿಲ್ಲೆಗಳು ಏನೆಂದು ಅವರಿಗೆ ತಿಳಿದಿರಲಿಲ್ಲ. ನಿಮಗೆ ತಿಳಿದಿತ್ತು, ಮಿಸ್. ನಿಮ್ಮ ಕೈಯಾರೆ ಮಾಡಿದ್ದಿರಿ. ಆಮೇಲೆ ನಮಗೊಂದು ಮಾತೂ ಹೇಳದೆ ತುರುವೇಕೆರೆಯ ಶಾಲೆಗೆ ಹೊರಟುಹೋದಿರಿ.

ನಮ್ಮವ್ವ ಕಾಳಕ್ಕ ಚೀಲದ ತುಂಬ ಕರಟ ತಂದುಕೊಟ್ಟಳು. ನಾನೂ ವನಿತಾಳೂ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದೆವು, ಬೆರಳು ಕಿತ್ತುಬರುವಂತೆ. ಎಡಕ್ಕೆ ತಿರುಗುವ ಬಿಲ್ಲೆಯನ್ನೂ ಸೇರಿಸಿದೆವು. ಪರದೆ ಓದಿ ಹೇಳುವ ಕಂಪ್ಯೂಟರ್ ಶಾಲೆಗೆ ಬಂದಾಗ ಮೊದಲ ಪ್ರೋಗ್ರಾಂ ಬರೆದದ್ದು ನಾನೇ. ಅದರ ಉತ್ತರ ಸ್ಪೀಕರಿನಿಂದ ಕೇಳಿದಾಗ ನಿಮ್ಮನ್ನು ನೆನೆದು ಅತ್ತೆ. ಆ ಅಳುವಿನ ಮೇಲೂ ನನಗೆ ಸಿಟ್ಟಿದೆ.

ಬರುವುದಾದರೆ ಹಾರ, ಶಾಲು ತರಬೇಡಿ. ನನ್ನ ತರಗತಿಯಲ್ಲಿ ದಬ್ಬೇಘಟ್ಟದ ಹುಡುಗಿಯೊಬ್ಬಳಿದ್ದಾಳೆ. ಯಾರು ಏನೇ ಹೇಳಿದರೂ "ಯಾಕೆ?" ಅಂತಾಳೆ. ಅವಳೆದುರು ಕೂತು, ಅವತ್ತು ಯಾಕೆ ಸುಮ್ಮನಿದ್ದಿರೆಂದು ಹೇಳಿ. ಅವಳು ಒಪ್ಪಿದರೆ ನಾನೂ ಒಪ್ಪುತ್ತೇನೆ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇನ್ನೂ ಸಿಟ್ಟಾರದ,
ಕೋಮಲಾ