ಮೂರನೇ ಪುಟದ ಆ ಸಾಲು

ಮನೆಯಿಂದ
ಹದಿನಾಲ್ಕನೇ ತಾರೀಕು, ಗುರುವಾರ ಬೆಳಗ್ಗೆ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಲ್ಲಿ ಬರಿನೆಲದ ಮೇಲೆ ಮಲಗುತ್ತಿದ್ದೀಯಂತೆ, ಕನ್ನಡಕದ ಮುರಿದ ಕಾಲಿಗೆ ದಾರ ಕಟ್ಟಿಕೊಂಡಿದ್ದೀಯಂತೆ, ವಕೀಲರು ಹೇಳಿದರು. ಹೊಸ ಕನ್ನಡಕ ಮಾಡಿಸಿ ಈ ಪತ್ರದ ಜೊತೆಗೇ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಅಮ್ಮನೇ ಹೇಳಿದ್ದಾಳೆ, ಬರೆದಿದ್ದೇನೆ. ಪೊಲೀಸರು ನಿನ್ನನ್ನು ಕರೆದುಕೊಂಡು ಹೋದ ದಿನದಿಂದ ಅವಳು ನನ್ನ ಜೊತೆ ಪಾತ್ರೆಗಳ ಮೂಲಕವೇ ಮಾತಾಡುವುದು. ತಟ್ಟೆ ಕುಕ್ಕಿದರೆ ಊಟಕ್ಕೆ ಬಾ ಎಂದರ್ಥ, ಎರಡು ಸಲ ಕುಕ್ಕಿದರೆ ಇದೆಲ್ಲ ನಿನ್ನಿಂದಲೇ ಎಂದರ್ಥ. ನಾನು ತಲೆ ತಗ್ಗಿಸಿ ತಿಂದು ಏಳುತ್ತೇನೆ. ನೀನು ‘ಭಾಷಣ’ ಎಂದು ಹೆಸರಿಟ್ಟ ಮಗಳು ಈಗ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಪೀಪಿಯಣ್ಣ ಮಂಗಳವಾರ ತೀರಿಕೊಂಡ. ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮರಳು ಜರಡಿ ಹಿಡಿದ ಮನುಷ್ಯ. ಎದೆಯೊಳಗಿನ ಸಿಳ್ಳೆಗೆ ಜನ ಇಟ್ಟ ಹೆಸರನ್ನು ತಾನೇ ನಗುತ್ತಾ ಹೇಳಿಕೊಳ್ಳುತ್ತಿದ್ದ. ಹೋದ ವಾರ ನಮ್ಮ ಮೆಟ್ಟಿಲ ಮೇಲೆ ಕೂತು, ಉಸಿರು ಸುಧಾರಿಸಿಕೊಳ್ಳಲು ಎಷ್ಟೋ ಹೊತ್ತು ತೆಗೆದುಕೊಂಡು, “ಫೈಲಪ್ಪನ ಹತ್ರ ನನ್ನ ಎದೆ ಇತ್ತಲ್ಲಮ್ಮ, ಅದೂ ಹೋಯ್ತಾ?” ಎಂದ. ಆಸ್ಪತ್ರೆಯ ಫೈಲು ಕಾಯುವ ನಿನ್ನನ್ನು ಅವನು ಕೊನೆಯವರೆಗೂ ಕರೆದದ್ದು ಹಾಗೆಯೇ. ಮತ್ತೆ ಎಕ್ಸ್‌ರೇ ತೆಗೆಸೋಣ ಅಣ್ಣಾ ಎಂದೆ. “ಈಗ ತೆಗೆದ್ರೆ ಸಾಯೋ ಎದೆ ಸಿಗುತ್ತೆ. ಹೇಗೆ ಸಾಯಿಸಿದ್ರು ಅನ್ನೋದು ಸಿಗಲ್ಲ ಕಣಮ್ಮ” ಎಂದ. ಅವನು ಹೇಳಿದ್ದು ಸರಿ. ಕೊನೆಯ ಹನ್ನೆರಡು ವರ್ಷ ವರ್ಷಕ್ಕೊಂದರಂತೆ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟಿದ್ದರೆ ದೂಳು ಬೆಳೆದದ್ದು ಕುರುಡರಿಗೂ ಕಾಣುತ್ತಿತ್ತು. ಈಗ ಮಾಲೀಕರ ಕಡೆಯವರು ಸಿಗರೇಟು ಸೇದಿ ಸತ್ತ ಎನ್ನುತ್ತಾರೆ, ಅಲ್ಲಗಳೆಯಲು ನಮ್ಮ ಬಳಿ ಒಂದು ಚಿತ್ರವೂ ಇಲ್ಲ. ಅವನದು ಮಾತ್ರವಲ್ಲ, ಕಾರ್ಖಾನೆಯ ನಾನೂರ ಹನ್ನೆರಡು ಜನರದ್ದೂ ಇಲ್ಲ.

ಅಪ್ಪಾ, ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಅಭ್ಯಾಸ ನನಗೀಗ ಬೇಕಾಗಿದೆ. ಆಸ್ಪತ್ರೆಯ ಫೈಲುಗಳೆಲ್ಲ ಇರುವ ಆ ಸರ್ವರ್‌ನಲ್ಲಿ ಫೈಲಿನ ಹೆಸರು ಬರೆಯುವ ಒಂದು ಚೌಕವಿದೆ. ಒಂದು ದಿನ ಹೆಸರು ಬರೆಯುವಾಗ ನಿನ್ನ ಬೆರಳು ತಪ್ಪಿ ಪಕ್ಕದ ಗುರುತೊಂದನ್ನು ಒತ್ತಿತು. ಫೈಲು ಬರುವ ಬದಲು ಯಂತ್ರ ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿತು. ನೀನು ಹೆದರಿ ನನ್ನನ್ನು ಕರೆದೆ. ನಾನು ಪುಸ್ತಿಕೆಗಳನ್ನು ಓದಿ ಕಲಿತ ಅರೆಬರೆ ವಿದ್ಯೆಯಲ್ಲೇ ಕಂಡುಹಿಡಿದೆ: ಆ ಚೌಕದಲ್ಲಿ ಬರೆದದ್ದನ್ನು ಯಾರೂ ಸೋಸುವುದಿಲ್ಲ. ಹೆಸರಿನ ಬೆನ್ನಿಗೆ ಒಂದು ಅಪ್ಪಣೆಯನ್ನು ಅಂಟಿಸಿದರೆ ಯಂತ್ರ ಅದನ್ನೂ ಹೆಸರಿನ ಜೊತೆ ನುಂಗಿ, ಯಜಮಾನನೇ ಹೇಳಿದನೆಂದು ನಡೆಸಿಬಿಡುತ್ತದೆ. ಫೈಲು ನೋಡುವುದಷ್ಟೇ ನಿನಗಿದ್ದ ಅಧಿಕಾರ, ಅಳಿಸುವುದಲ್ಲ. ಆದರೆ ಆ ಚೌಕದ ಮುಂದೆ ಯಾರು ಕೂತರೂ ಅವರಿಗೆ ಎಲ್ಲ ಅಧಿಕಾರವೂ ಸಿಗುತ್ತಿತ್ತು.

ನಾವು ಮೂರು ಪತ್ರ ಕೊಟ್ಟೆವು. ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಎಂಜಿನಿಯರ್ ಸಾಹೇಬರು ಮೂರಕ್ಕೂ ಒಂದೇ ನಗು ನಕ್ಕರು. “ಯಾರು ಬಂದು ಅಲ್ಲಿ ಅಪ್ಪಣೆ ಬರೀತಾರಮ್ಮ, ದೆವ್ವಾನಾ? ನಿಮ್ಮಪ್ಪನಿಗೆ ಬೆರಳು ನೆಟ್ಟಗಿಟ್ಟು ಟೈಪ್ ಮಾಡೋಕ್ ಹೇಳು.” ನನ್ನ ಮೈಯೆಲ್ಲ ಉರಿಯಿತು. ಗುಟ್ಟೆಂಬುದು ಬಲ್ಲಿದರ ಆಸ್ತಿ, ಬಯಲಿಗೆ ತಂದರೆ ಮಾತ್ರ ಅದು ಜನರದ್ದು ಎಂದು ನಂಬಿದವಳು ನಾನು. ಈಗಲೂ ನಂಬುತ್ತೇನೆ, ಅರ್ಧ. ನಾನು ಕೆಲಸ ಮಾಡುವ ಮುದ್ರಣಾಲಯದಲ್ಲಿ ಉಳಿದ ಹಳದಿ ಕಾಗದದಲ್ಲಿ ನಾಲ್ಕು ಪುಟದ ಕರಪತ್ರ ಮಾಡಿದೆ, ನೂರು ಪ್ರತಿ. ನೀನು ಓದಿ, ಮೂರನೇ ಪುಟದ ಮೇಲೆ ಬೆರಳಿಟ್ಟು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಬಾಗಿಲು ತೆರೆದಿದೆ ಅಂತ ಹೇಳು ಮಗಳೇ. ಹೇಗೆ ಒಳಗೆ ಹೋಗ್ಬೇಕು ಅಂತ ಯಾಕೆ ಹೇಳ್ತೀಯ?” ಅಳಿಸುವ ಅಪ್ಪಣೆಯ ಆ ಸಾಲನ್ನು ಪೂರ್ತಿ ಕೊಡದಿದ್ದರೆ ಯಾರೂ ನಂಬುವುದಿಲ್ಲ ಎಂದು ನಿನಗೆ ಅರ್ಧ ಗಂಟೆ ಭಾಷಣ ಕೊಟ್ಟೆ. ಜನ ಬೆಚ್ಚಿಬೀಳಲಿ ಎಂದು ಉದಾಹರಣೆಗೆ ಸರ್ವರ್‌ನಲ್ಲಿ ಎಕ್ಸ್‌ರೇಗಳನ್ನಿಟ್ಟ ನಿನ್ನದೇ ಕಪಾಟಿನ ಹೆಸರನ್ನು ಹಾಕಿದೆ. ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆ ಗೇಟಿನಲ್ಲೂ ಆಸ್ಪತ್ರೆ ಮೆಟ್ಟಿಲಲ್ಲೂ ಹಂಚಿದೆ.

ಹನ್ನೊಂದು ದಿನಕ್ಕೆ ಕಪಾಟು ಖಾಲಿಯಾಯಿತು. ನಕಲು ಕೂಡ ಅದೇ ಯಂತ್ರದಲ್ಲಿತ್ತು, ಅದೂ ಹೋಯಿತು. ನಡೆದದ್ದು ನಿನ್ನ ಕಂಪ್ಯೂಟರಿನಿಂದ, ನೀನು ಊಟಕ್ಕೆ ಹೋಗಿದ್ದಾಗ. ಊಟದ ಹೊತ್ತಿನಲ್ಲಿ ನರ್ಸುಗಳು ಫೈಲಿಗೆ ಪರದಾಡಬಾರದೆಂದು ನೀನು ಅದನ್ನು ತೆರೆದೇ ಇಟ್ಟು ಹೋಗುತ್ತಿದ್ದೆ, ಇಪ್ಪತ್ತಾರು ವರ್ಷದ ಒಳ್ಳೆಯತನ. ಕೂತವರು ಮಾಲೀಕರ ಮನುಷ್ಯರೇ ಎಂದು ಮೊದಲು ಕೂಗಾಡಿದೆ. ಈಗ ಅದನ್ನೂ ಆಣೆ ಮಾಡಿ ಹೇಳಲಾರೆ. ಇದು ನಿಜವೋ ಸುಳ್ಳೋ ನೋಡೋಣ ಎಂದು ಬರೆದು ನೋಡಿದ ನಮ್ಮವರೇ ಯಾರೋ ಇರಬಹುದು. ಯಾರೇ ಇರಲಿ, ಯಂತ್ರದ ನೆನಪಿನಲ್ಲಿ ಉಳಿದ ಸಾಲು ನನ್ನದು, ಅಕ್ಷರಕ್ಕೆ ಅಕ್ಷರ.

ನೀನು ವಿಚಾರಣೆಯಲ್ಲಿ ‘ಕೈತಪ್ಪಿ ನಾನೇ ಅಳಿಸಿದೆ’ ಎಂದೆಯಂತೆ. ಸೋಮವಾರ ಅದಕ್ಕೆ ಸಹಿ ಹಾಕುತ್ತೀಯಂತೆ. ಎಂಜಿನಿಯರ್ ಸಾಹೇಬರಿಗೆ ಹಬ್ಬ. ಅಳಿಸುವ ಅಧಿಕಾರವೇ ಇಲ್ಲದವನು ಹೇಗೆ ಅಳಿಸಿದ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಮೂರು ಪತ್ರಗಳೂ ಹೊರಬರಬೇಕಲ್ಲ. ನೀನು ಯಾಕೆ ಹಾಗೆಂದೆ ಎಂದು ನನಗೆ ಭಾನುವಾರದವರೆಗೆ ತಿಳಿಯಲಿಲ್ಲ. ಭಾನುವಾರ ನಿನ್ನ ಕೋಟು ಹುಡುಕುವಾಗ ಟ್ರಂಕಿನ ತಳದಲ್ಲಿ ಹಳೆಯ ಊಟದ ಚೀಲ ಸಿಕ್ಕಿತು. ಒಳಗೆ ಹಳದಿ ಕಾಗದ. ಬೂಟಿನ ಗುರುತು ಬಿದ್ದವು, ಮುದುರಿ ಎಸೆದವು, ಎಣ್ಣೆ ಮೆತ್ತಿದವು, ಎಲ್ಲವನ್ನೂ ಸುಕ್ಕು ಬಿಡಿಸಿ ಕಡತಕ್ಕೆ ಕಟ್ಟುವ ಕೆಂಪು ದಾರದಲ್ಲಿ ನೀನು ಕಟ್ಟಿಟ್ಟಿದ್ದೆ. ಎಣಿಸಿದೆ, ತೊಂಬತ್ತೇಳು. ನಾನು ಮುಂದೆ ಹಂಚುತ್ತಾ ಹೋದಂತೆ ನೀನು ಆ ಮಂಡಿ ಹಿಡಿದುಕೊಂಡು ಹಿಂದೆ ಆರಿಸುತ್ತಾ ಬಂದಿದ್ದೆ.

ರಾತ್ರಿ ತಣ್ಣೀರು ಕುಡಿಯಬೇಡ. ಅಮ್ಮ ಹೊದಿಕೆ ಕಳಿಸಿದ್ದಾಳೆ, ಅಂಚು ಹೊಲಿದದ್ದು ನಾನು, ಸೊಟ್ಟಗಾಗಿದ್ದರೆ ನಗು. ನಿನ್ನ ಕೈ ನನ್ನ ತಲೆಯ ಮೇಲೆ ಇದೆಯೆಂದೇ ತಿಳಿದು ಮುಗಿಸುತ್ತೇನೆ.

ನಿನ್ನ,
ಭಾಷಣ

ತಾ.ಕ.: ವಕೀಲರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ. ಸೋಮವಾರ ಸಹಿ ಹಾಕಬೇಡ. ನಿನ್ನ ಕಟ್ಟಿನಿಂದ ಒಂದು ಪ್ರತಿಯನ್ನೂ ಮೂರು ಪತ್ರಗಳ ನಕಲನ್ನೂ ನಿನ್ನೆ ವಿಚಾರಣಾಧಿಕಾರಿಗೆ ಕೊಟ್ಟೆ. ಮೂರನೇ ಪುಟದಲ್ಲಿ ಆ ಸಾಲಿನ ಕೆಳಗೆ ನನ್ನ ಹೆಸರು ಬರೆದೆ. ನಾಳೆ ಹತ್ತು ಗಂಟೆಗೆ ಬಾ, ಬಟ್ಟೆ ತಂದಿರು ಎಂದಿದ್ದಾರೆ. ಅಮ್ಮನಿಗೆ ಹೇಳಿಲ್ಲ. ನೀನು ಬಂದು ಹೇಳು. ಎಂಜಿನಿಯರ್ ಸಾಹೇಬರು ಮಾಡಿದ್ದು ಇಷ್ಟೇ, ಸರ್ವರ್‌ನಿಂದ ನಿನ್ನ ಹೆಸರು ತೆಗೆದಿದ್ದಾರೆ. ಆ ಚೌಕ ಹಾಗೆಯೇ ಇದೆ. ನಿನ್ನ ಕೈಗೆ ಸಿಗದ ಮೂರು ಪ್ರತಿ ಯಾರ ಜೇಬಿನಲ್ಲಿವೆಯೋ ಅಪ್ಪಾ.