ಹತ್ತರೊಳಗೆ ಇರಬೇಕಾದದ್ದು

ಅಮ್ಮಾ,

ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ ಮಗುವೊಂದಕ್ಕೆ ರುಬೆಲ್ಲಾ, ಅದೇ ಮೈಮೇಲೆ ಕೆಂಪು ದದ್ದು ಏಳುವ ಜ್ವರ, ಬಂದಿತ್ತು. ಗೊತ್ತಿಲ್ಲದೆ ಎತ್ತಿಕೊಂಡು ಓಡಾಡಿದ್ದೆ. ನನಗೀಗ ಮೂರು ತಿಂಗಳು.

ರಕ್ತದ ವರದಿಯಲ್ಲಿ, ಆ ರೋಗ ತಗುಲಿದಾಗ ಮೈ ಕಟ್ಟಿಕೊಳ್ಳುವ ಪ್ರತಿಕಾಯದ ಸಾಮಾನ್ಯ ಮಿತಿ ಹತ್ತರೊಳಗೆ ಎಂದಿದೆ, ನನ್ನದು ಎಂಬತ್ತು. ಓದಿದವಳೇ ಆಸ್ಪತ್ರೆಗೆ ಓಡಿದೆ. "ಜಾಸ್ತಿ ಅಂದ್ರೆ ಕೆಟ್ಟದ್ದೇ ಅಂತಲ್ಲ ಕಣಮ್ಮ," ಎಂದರು ಡಾಕ್ಟರಮ್ಮ. "ಚಿಕ್ಕಂದಿನಲ್ಲೇ ಬಂದುಹೋಗಿದ್ರೆ ಇದೇ ನಿನ್ನ ಮಗೂಗೆ ಕಾವಲು. ಈಗ ತಗುಲಿ ಏರಿದ್ದಾದ್ರೆ ಮಗೂಗೆ ಕಷ್ಟ. ಇನ್ನೊಂದ್ಸಲ ರಕ್ತ ನೋಡೋಣ. ಅಷ್ಟರಲ್ಲಿ ನಿಮ್ಮಮ್ಮನ್ನ ಕೇಳು."

ಚಿಕ್ಕಂದಿನಲ್ಲಿ ನನಗೆ ಮೈತುಂಬ ಕೆಂಪು ದದ್ದು ಎದ್ದಿತ್ತೇ? ಫೋನಿನಲ್ಲಾದರೆ ನನ್ನ ದನಿ ಕೇಳಿ ಹೌದು ಎಂದುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನನಗೋ ಅಣ್ಣನಿಗೋ ಎಂಬುದು ನೆನಪಾಗದಿದ್ದರೆ ಹಾಗೆಂದೇ ತಿಳಿಸು. ಧೈರ್ಯ ಹೇಳಬೇಕೆನಿಸಿದರೆ ಬಸ್ಸು ಹತ್ತಿ ಬಂದುಬಿಡು. ಸುಳ್ಳು ಮಾತ್ರ ಬೇಡ.

ನಿನ್ನ ಮಗಳು